ಫ್ಲ್ಯಾಶ್‌ನಲ್ಲಿ ಹಿಡಿಯದ ಕರ್ನಲ್: ಯಾವ ಡೀಬಗ್ ತೆಗೆಯಬೇಕು, ಯಾವುದು ಇರಲಿ?

ಬದಿಯಡ್ಕದಿಂದ ಪ್ರಶ್ನೆ: ಅಡಿಕೆ ತೋಟದ ಪಂಪಿಗೆ ಲಿನಕ್ಸ್ ಬೋರ್ಡಿನಿಂದ ನಿಯಂತ್ರಣ ಪೆಟ್ಟಿಗೆ ಮಾಡುತ್ತಿದ್ದೇನೆ. ಇರುವುದು 4 ಎಂಬಿ ಫ್ಲ್ಯಾಶ್ (ಬೋರ್ಡಿನ ಶೇಖರಣಾ ಚಿಪ್), ಅದರಲ್ಲಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಹಿಡಿಯುತ್ತಿಲ್ಲ. ದೋಷ ಹುಡುಕಲು ನೆರವಾಗುವ ‘ಡೀಬಗ್ ಇನ್ಫೋ’ ತೆಗೆದು ನೋಡಿದೆ, ಫ್ಲ್ಯಾಶಿಗೆ ಹಾಕುವ ಇಮೇಜ್ ಕಡತದ ಗಾತ್ರ ಇಳಿಯಲೇ ಇಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಪೆರ್ಲದಿಂದ: ತಮ್ಮಾ, ಡೀಬಗ್ ಇನ್ಫೋದಿಂದ ಉಬ್ಬುವುದು ನಿನ್ನ ಕಂಪ್ಯೂಟರಿನಲ್ಲಿರುವ ವಿಎಂಲಿನಕ್ಸ್ ಕಡತ, ಅಂದರೆ ಬಿಲ್ಡ್ ಮಾಡಿದಾಗ ಮೊದಲು ಸಿಗುವ ಪೂರ್ತಿ ಕರ್ನಲ್. ಫ್ಲ್ಯಾಶಿಗೆ ಹೋಗುವ ಇಮೇಜ್ ತಯಾರಾಗುವಾಗ ಅದು ಹೇಗೂ ಉದುರಿಹೋಗುತ್ತದೆ. ನಿಜವಾಗಿ ಜಾಗ ತಿನ್ನುವುದು ಕಾಲ್‌ಸಿಮ್ಸ್, ಅಂದರೆ ಕರ್ನಲಿನ ಫಂಕ್ಷನ್‌ಗಳ ಹೆಸರಿನ ಪಟ್ಟಿ. ಕರ್ನಲಿನ ಆಯ್ಕೆಗಳನ್ನು ಆರಿಸುವ ಮೆನುಕಾನ್ಫಿಗ್‌ನಲ್ಲಿ ‘ಎಕ್ಸ್‌ಪರ್ಟ್’ ಆಯ್ಕೆ ಹಾಕಿದರಷ್ಟೇ ಅದನ್ನು ತೆಗೆಯಬಹುದು. ಫಂಕ್ಷನ್ ಟ್ರೇಸರ್ (ಫಂಕ್ಷನ್ ಕರೆಗಳ ಜಾಡು ಹಿಡಿಯುವುದು), ಲಾಕ್‌ಡೆಪ್ (ಲಾಕ್‌ಗಳ ಬಳಕೆಯ ತಪ್ಪು ಹಿಡಿಯುವುದು) ಇದ್ದರೆ ಅವು ಅದನ್ನು ಮತ್ತೆ ಎಳೆದು ತರುತ್ತವೆ; ಮೊದಲು ಅವುಗಳನ್ನು ತೆಗೆ. ‘ಎಕ್ಸ್‌ಪರ್ಟ್’ ಜೊತೆಗೆ ‘ಡೀಬಗ್ ಕರ್ನಲ್’ ತಾನಾಗಿ ಬರುತ್ತದೆ, ಗಾಬರಿ ಬೇಡ. ಅದರ ಮುಖ್ಯ ಕೆಲಸ ಡೀಬಗ್ ಆಯ್ಕೆಗಳ ಮೆನು ತೆರೆಯುವುದು.

ಕುಂಬಳೆಯಿಂದ: ಕರ್ನಲ್ ತನ್ನ ಸಂದೇಶಗಳನ್ನು ಬರೆಯುವ ಪ್ರಿಂಟ್‌ಕೆಯನ್ನು ಮಾತ್ರ ಮುಟ್ಟಬೇಡಿ. ತೆಗೆದರೆ ಸಂದೇಶಗಳ ಪಠ್ಯವೆಲ್ಲ ಹೋಗಿ ಒಳ್ಳೆಯ ಉಳಿತಾಯವಾಗುತ್ತದೆ. ಆ ಆಸೆಗೇ ನಾನು ತೆಗೆದಿದ್ದೆ. ಕಳೆದ ವರ್ಷ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಸಿಡಿಲು ಮಳೆಗೆ ಕರೆಂಟು ಹೋಗಿ ಬಂತು, ಪೆಟ್ಟಿಗೆ ಏಳಲಿಲ್ಲ. ಪಂಪ್‌ಶೆಡ್ಡಿನಲ್ಲಿ ಗೋಣಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೋರ್ಡಿನ ಸಂದೇಶ ನೋಡಲು ಸೀರಿಯಲ್ ವೈರ್ ಸಿಕ್ಕಿಸಿದೆ. ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರಿನ ನಾಲ್ಕು ಸಾಲು ಬಂದವು, ಆಮೇಲೆ ಒಂದಕ್ಷರವೂ ಇಲ್ಲ. ಕತ್ತಲಾಗುವವರೆಗೆ ಆ ಖಾಲಿ ಪರದೆಯನ್ನೇ ನೋಡುತ್ತಾ ಕುಳಿತೆ. ಕಾಲ್‌ಸಿಮ್ಸ್ ಹೋದರೆ ಇಷ್ಟು ಕಷ್ಟವಿಲ್ಲ. ಕರ್ನಲ್ ಕುಸಿದಾಗ ಹೆಸರಿನ ಬದಲು ಬರೀ ವಿಳಾಸದ ಅಂಕಿಗಳು ಬರುತ್ತವೆ. ಮನೆಯಲ್ಲಿ ಅದೇ ಬಿಲ್ಡಿನ ವಿಎಂಲಿನಕ್ಸ್ ಇದ್ದರೆ ‘ಆ್ಯಡ್ರ್‌ಟುಲೈನ್’ ಎಂಬ ಸಲಕರಣೆ ಆ ವಿಳಾಸ ಕೋಡಿನ ಯಾವ ಸಾಲೆಂದು ತೋರಿಸುತ್ತದೆ. ಅದಕ್ಕೆ ಡೀಬಗ್ ಇನ್ಫೋ ಬೇಕು, ನೀವು ತೆಗೆದದ್ದನ್ನು ಮರಳಿ ಹಾಕಿ. ಪ್ರತಿ ಬಿಲ್ಡಿನ ಕಡತವನ್ನೂ ಜೋಪಾನ ಮಾಡಿ.

ಮಂಜೇಶ್ವರದಿಂದ: ನಿಮ್ಮದೇ ಡ್ರೈವರಿನ ಡೀಬಗ್ ಸಾಲುಗಳನ್ನು ಇಫ್‌ಡೆಫ್‌ನೊಳಗೆ (ಆಯ್ಕೆ ಇದ್ದರಷ್ಟೇ ಕೋಡನ್ನು ಕಂಪೈಲರ್‌ಗೆ ಬಿಡುವ ಸೂಚನೆ) ಬಚ್ಚಿಡಬೇಡಿ. ಸ್ವಿಚ್ ಆಫ್ ಇದ್ದಾಗ ಕಂಪೈಲರ್ ಅವುಗಳನ್ನು ನೋಡುವುದೇ ಇಲ್ಲ. ಆರು ತಿಂಗಳ ನಂತರ ನಾನು ಆನ್ ಮಾಡಿದಾಗ, ನಡುವೆ ಹೆಸರು ಬದಲಾದ ವೇರಿಯಬಲ್‌ಗಳಿಂದಾಗಿ ಕಂಪೈಲೇ ಆಗಲಿಲ್ಲ. ಸಾಮಾನ್ಯ ‘ಇಫ್’ ಒಳಗೆ, ಆಯ್ಕೆ ಆನ್ ಇದೆಯೇ ಎಂದು ನೋಡುವ ‘ಇಸ್_ಎನೇಬಲ್ಡ್’ ಬಳಸಿ. ಕಂಪೈಲರ್ ಪ್ರತಿಸಲವೂ ಓದಿ ತಪ್ಪು ಹಿಡಿಯುತ್ತದೆ, ಬೇಡವಾದಾಗ ಕೋಡನ್ನು ತಾನೇ ಎಸೆಯುತ್ತದೆ. ಒಂದೊಂದು ಆಯ್ಕೆ ಬದಲಿಸಿದಾಗಲೂ ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ, ಗಾತ್ರ ಹೋಲಿಸುವ ಬ್ಲೋಟ್‌ಓಮೀಟರ್‌ಗೆ ಹಳೆಯ, ಹೊಸ ವಿಎಂಲಿನಕ್ಸ್ ಕೊಟ್ಟರೆ ಎಲ್ಲಿ ಎಷ್ಟು ಬೈಟ್ ಇಳಿಯಿತೆಂದು ಕಾಣುತ್ತದೆ.

ಬದಿಯಡ್ಕದಿಂದ: ಪೆರ್ಲದ ಅಣ್ಣ ಹೇಳಿದ ಕ್ರಮದಲ್ಲೇ ತೆಗೆದೆ, ಈಗ ಹಿಡಿಯುತ್ತದೆ. ಪ್ರಿಂಟ್‌ಕೆ ಉಳಿಸಿಕೊಂಡಿದ್ದೇನೆ. ವಿಎಂಲಿನಕ್ಸನ್ನು ಬಿಲ್ಡಿನ ತಾರೀಕು ಬರೆದ ಪೆನ್‌ಡ್ರೈವಿಗೆ ಹಾಕಿಟ್ಟೆ.