ಮುಹೂರ್ತ ಎಷ್ಟು ಗಂಟೆಗೆ?

ಮಂಗಳವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು.

ಅತ್ತೆ: ಗುರುವಾರ ರಾತ್ರಿ ನನ್ನ ಖಾತೆಯಿಂದ 24,500 ರೂಪಾಯಿ ಎರಡು ಸಲ ಹೋಗಿದೆ. ಬ್ಯಾಂಕಿನ ಸಂದೇಶ ಈಗ ಕಣ್ಣಿಗೆ ಬಿತ್ತು. ಸಾಲ ಬೇಕೇ, ಸಾಲ ಬೇಕೇ ಎನ್ನುವ ಸಂದೇಶಗಳ ಅಡಿಯಲ್ಲಿ ಹೂತುಹೋಗಿತ್ತು. ದೇವರಾಣೆಗೂ ಯಾರಿಗೂ ಒಟಿಪಿ ಹೇಳಿಲ್ಲ.

ದೊಡ್ಡಪ್ಪ: ಮೂರು ದಿನದೊಳಗೆ ದೂರು ಕೊಡಬೇಕಿತ್ತು. ಐದು ದಿನವಾಯಿತು. ಆ ಹಣಕ್ಕೆ ಎಳ್ಳುನೀರು ಬಿಡು ತಂಗಿ.

ನಾನು: ದೊಡ್ಡಪ್ಪ, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ ಇರುವುದು ಮೂರು ಕೆಲಸದ ದಿನ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ಶುಕ್ರವಾರ ಒಂದು. ಎರಡನೇ ಶನಿವಾರ ರಜೆ, ಭಾನುವಾರವೂ ರಜೆ. ಸೋಮವಾರ ಎರಡು. ಇವತ್ತು ಮೂರು. ಅತ್ತೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಮಾಡಿ. ಗುರುವಾರ ಫೋನಿನಲ್ಲಿ ಹೊಸದೇನಾದರೂ ಹಾಕಿಕೊಂಡಿರಾ?

ಅತ್ತೆ: ಏನೂ ಇಲ್ಲ. ಅಣ್ಣ ಕಳುಹಿಸಿದ ಲಗ್ನಪತ್ರಿಕೆ ತೆರೆದೆ, ಅಷ್ಟೇ. ಏನೋ ಅನುಮತಿ ಕೇಳಿತು, ಸರಿ ಎಂದು ಒತ್ತಿದೆ. ಪತ್ರಿಕೆ ಮಾತ್ರ ಕಾಣಲಿಲ್ಲ.

ನಾನು: ಅದು ಎಪಿಕೆ ಫೈಲ್. ಪತ್ರಿಕೆಯ ವೇಷದ ಆ್ಯಪ್. ನಿಮಗೆ ಬಂದ ಒಟಿಪಿಯನ್ನು ಅದೇ ಓದಿಕೊಂಡಿರಬೇಕು. ಆ ಫೋನಿನ ಇಂಟರ್ನೆಟ್ ಆರಿಸಿ, ಮಾವನ ಫೋನಿನಿಂದ ಕರೆ ಮಾಡಿ.

ದೊಡ್ಡಪ್ಪ: ನನ್ನ ಮೇಲೆ ಗೂಬೆ ಕೂರಿಸಬೇಡಿ. ನನಗೂ ಇನ್ನೊಬ್ಬರಿಂದ ಬಂದದ್ದು.

ಚಿಕ್ಕಪ್ಪ: ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ಹೇಳುತ್ತೇನೆ, ಕೇಳಿ. ಫೈಲ್ ಹಾಕಿಕೊಂಡವಳು ಅಕ್ಕ. ಗ್ರಾಹಕರ ನಿರ್ಲಕ್ಷ್ಯ ಎನ್ನುತ್ತಾರೆ. ಹಾಗಾದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದೇ.

ನಾನು: ಎನ್ನಲಿ ಚಿಕ್ಕಪ್ಪ. ಸಾಬೀತು ಮಾಡುವ ಹೊಣೆ ಬ್ಯಾಂಕಿನದು, ಅದೂ ಅದೇ ಸುತ್ತೋಲೆಯಲ್ಲಿದೆ. ನಡೆದದ್ದನ್ನು ನಡೆದ ಹಾಗೆ ಬರೆದು ಕೊಡೋಣ, ಫೈಲಿನ ವಿಷಯ ಮುಚ್ಚಿಡುವುದು ಬೇಡ. ಆದರೆ ತಪ್ಪು ನನ್ನದೇ ಎಂದು ನಾವಾಗಿಯೇ ಏಕೆ ಬರೆದುಕೊಡಬೇಕು? ದೂರು ದಾಖಲಾದ ಮೇಲೆ ಒಂದು ರೂಪಾಯಿ ಹೋದರೂ ಅದು ಬ್ಯಾಂಕಿನ ತಲೆಯ ಮೇಲೆ.

ಚಿಕ್ಕಪ್ಪ: ಆ ಮಾತು ಸರಿ. ಅಕ್ಕ, ಬಾಯಿಮಾತಿನಲ್ಲಿ ಮುಗಿಸಬೇಡ. ದೂರಿನ ಸಂಖ್ಯೆ ಕೇಳಿ ಪಡೆದುಕೋ, ಶಾಖೆಯಲ್ಲಿ ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೋ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು, ತೊಂಬತ್ತು ದಿನದಲ್ಲಿ ದೂರು ಇತ್ಯರ್ಥವಾಗಬೇಕು.

ಮಾವ: ನಾನು ನಿಮ್ಮ ಅತ್ತೆ, ಇವರ ಫೋನಿನಿಂದ ಬರೆಯುತ್ತಿದ್ದೇನೆ. ಎರಡೂ ಕಡೆ ದೂರು ದಾಖಲಾಯಿತು. ಆ ಫೈಲ್ ಬಂದ ಸಂದೇಶದ ಚಿತ್ರ ಬೇಕಂತೆ.

ದೊಡ್ಡಪ್ಪ: ನಾನು ಆಗಲೇ ಅಳಿಸಿಬಿಟ್ಟೆ.

ನಾನು: ನನ್ನ ಫೋನಿನಲ್ಲಿ ಇನ್ನೂ ಇದೆ. ಮಾವನಿಗೆ ಕಳುಹಿಸಿದ್ದೇನೆ. ಗುರುವಾರ ಸಂಜೆ 6.52, ಫೈಲಿನ ಕೆಳಗೆ ನಿಮ್ಮದೇ ಸಾಲು ದೊಡ್ಡಪ್ಪ: "ನನ್ನ ಫೋನಿನಲ್ಲಿ ತೆರೆಯುತ್ತಿಲ್ಲ. ಯಾರಾದರೂ ತೆರೆದು ನೋಡಿ, ಮುಹೂರ್ತ ಎಷ್ಟು ಗಂಟೆಗೆ ಎಂದು ತಿಳಿಸಿ."