ರೋಮಾ ಕುಟುಂಬಗಳ ನಡುವಿನ ಮಿಷನ್ ಸೇವೆಗೆ ಕಾಣಿಕೆ ಕಳುಹಿಸುವ ಮುನ್ನ ಏನನ್ನು ವಿಚಾರಿಸಬೇಕು?

ಪ್ರಶ್ನೆ: ಘಾಟ್‌ಕೋಪರ್, ಮುಂಬಯಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಕನ್ನಡ ಕ್ರೈಸ್ತ ಸಭೆಯೊಂದರ ಸದಸ್ಯೆ. ನನ್ನ ಅಕ್ಕನ ಮಗ ಕೆಲಸದ ನಿಮಿತ್ತ ಸ್ಲೊವಾಕಿಯಾದ ಕೊಶಿತ್ಸೆ ನಗರದಲ್ಲಿದ್ದಾನೆ. ಆ ನಗರದ ಲುನಿಕ್ 9 ಎಂಬ ಬಡಾವಣೆಯಲ್ಲಿ, ಹೊರಗಿನವರು ‘ಜಿಪ್ಸಿ’ಗಳೆಂದು ಕರೆಯುವ ರೋಮಾ ಸಮುದಾಯದ ಸಾವಿರಾರು ಜನರಿದ್ದಾರೆ, ಎಷ್ಟೋ ಮನೆಗಳಲ್ಲಿ ನಲ್ಲಿ ನೀರೂ ಇಲ್ಲ, ಗ್ಯಾಸೂ ಇಲ್ಲ ಎಂದು ಬರೆದಿದ್ದಾನೆ. ಅಲ್ಲಿ ಒಬ್ಬ ಅಜ್ಜಿ ಖಾಲಿ ಕ್ಯಾನನ್ನು ಎತ್ತಿ ತೋರಿಸಿ ‘ಪಾನಿ’ ಎಂದಾಗ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅವನಿಗೆ ಒಂದು ಕ್ಷಣ ಮಾತೇ ಹೊರಡಲಿಲ್ಲವಂತೆ.

ಅಲ್ಲಿನ ಮಿಷನ್ ಸೇವೆಗೆ ಈ ಕ್ರಿಸ್ಮಸ್ ಕಾಣಿಕೆಯನ್ನು ಕಳುಹಿಸಬೇಕೆಂದು ನಮ್ಮ ಸ್ತ್ರೀ ಸಂಘದಲ್ಲಿ ಮಾತು ಬಂದಿದೆ. ಆದರೆ ಹಿರಿಯರೊಬ್ಬರು, “ಹಸಿದವರ ಮುಂದೆ ಅನ್ನವನ್ನೂ ಬೈಬಲನ್ನೂ ಒಟ್ಟಿಗೇ ಇಟ್ಟರೆ, ಅವರು ಕೈಚಾಚಿದ್ದು ಯಾವುದಕ್ಕೆ ಎಂದು ನಮಗೆ ತಿಳಿಯುವುದು ಹೇಗಮ್ಮ?” ಎಂದು ಕೇಳಿದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಪಿಂಪ್ರಿ, ಪುಣೆ

ಮೇಡಂ, ನಿಮ್ಮ ಹಿರಿಯರ ಪ್ರಶ್ನೆ ನ್ಯಾಯವಾದದ್ದು. ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು ಎಂಬುದಕ್ಕೆ ಅವರ ರೋಮಾನಿ ಭಾಷೆಯೇ ಸಾಕ್ಷಿ. ಕಣ್ಣಿಗೆ ‘ಯಾಖ್’, ಮೂಗಿಗೆ ‘ನಖ್’, ಕಿವಿಗೆ ‘ಕನ್’ ಎನ್ನುತ್ತಾರೆ. ‘ಜಿಪ್ಸಿ’ ಎಂಬ ಹೆಸರನ್ನು ಅವರಲ್ಲಿ ಅನೇಕರು ಅವಮಾನವೆಂದೇ ಭಾವಿಸುವುದರಿಂದ ನಾವು ಅದನ್ನು ಬಿಡುವುದು ಒಳ್ಳೆಯದು.

ಚರ್ಚುಗಳೂ ಅವರನ್ನು ಸದಾ ಪ್ರೀತಿಯಿಂದ ಕಂಡಿಲ್ಲ. ಇಂದಿನ ರುಮೇನಿಯಾ ಭಾಗದ ವಲಾಕಿಯಾ, ಮೊಲ್ಡಾವಿಯಾ ಸಂಸ್ಥಾನಗಳಲ್ಲಿ ಅವರು 1850ರ ದಶಕದವರೆಗೆ ಗುಲಾಮರಾಗಿದ್ದರು, ಮತ್ತು ಅವರ ಒಡೆಯರಲ್ಲಿ ಕ್ರೈಸ್ತ ಮಠಗಳೂ ಇದ್ದವು. ಆಮೇಲೆ ನಾಜಿಗಳ ಕಾಲ ಬಂತು. 1944ರ ಆಗಸ್ಟ್ 2ರ ರಾತ್ರಿ ಒಂದರಲ್ಲೇ ಆಶ್ವಿಟ್ಸ್ ಸೆರೆಶಿಬಿರದಲ್ಲಿ 4,000ಕ್ಕೂ ಹೆಚ್ಚು ರೋಮಾ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದರು. 2019ರಲ್ಲಿ ಪೋಪ್ ಫ್ರಾನ್ಸಿಸ್ ರುಮೇನಿಯಾದ ಬ್ಲಾಜ್ ಪಟ್ಟಣದಲ್ಲಿ ರೋಮಾ ಸಮುದಾಯದ ಎದುರು ನಿಂತು ಕ್ಷಮೆ ಬೇಡಿದ್ದಕ್ಕೆ ಇಷ್ಟು ಉದ್ದದ ಹಿನ್ನೆಲೆಯಿದೆ.

ಫ್ರಾನ್ಸಿನಲ್ಲಿ ನಡೆದದ್ದು ನನಗೆ ಮಾದರಿಯಾಗಿ ಕಾಣುತ್ತದೆ. 1950ರ ದಶಕದಲ್ಲಿ ಕ್ಲೆಮಾನ್ ಲ ಕೊಸೆಕ್ ಎಂಬ ಪೆಂಟೆಕೋಸ್ಟಲ್ ಸಭಾಪಾಲಕರು ಅಲೆಮಾರಿ ಕುಟುಂಬಗಳ ನಡುವೆ ಸೇವೆ ಆರಂಭಿಸಿದಾಗ, ಆ ಸಮುದಾಯದವರನ್ನೇ ಬೋಧಕರನ್ನಾಗಿ ಬೆಳೆಸಿದರು. ಸ್ಪೇನಿನಲ್ಲಿ ಫಿಲದೆಲ್ಫಿಯ ಎಂಬ ಹೆಸರಿನ ಪೆಂಟೆಕೋಸ್ಟಲ್ ಸಭೆಗಳಲ್ಲಿಯೂ ವೇದಿಕೆಯ ಮೇಲೆ ನಿಲ್ಲುವವರು ಅವರದೇ ಜನ. ಆದ್ದರಿಂದ ಮೊದಲು ಕೇಳಬೇಕಾದದ್ದು, ಅಲ್ಲಿ ತೀರ್ಮಾನ ಮಾಡುವವರಲ್ಲಿ ರೋಮಾ ಜನ ಎಷ್ಟಿದ್ದಾರೆ ಎಂದು. ಇನ್ನೊಂದು ಶಾಲೆಯ ವಿಷಯ. ಚೆಕ್ ದೇಶದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗಳಿಗೆ ತಳ್ಳುತ್ತಿದ್ದುದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿದೆ. ಮಕ್ಕಳನ್ನು ಎಲ್ಲರೂ ಓದುವ ಶಾಲೆಗೆ ಸೇರಿಸಿ, ಸಂಜೆ ಪಾಠ ಹೇಳಿಕೊಡುವ ಸೇವೆಯಾದರೆ ಕಣ್ಣುಮುಚ್ಚಿ ಕೊಡಿ. ಪ್ರತ್ಯೇಕ ಶಾಲೆ ಕಟ್ಟುವುದಾದರೆ ಎರಡು ಸಲ ಯೋಚಿಸಿ.

ಉತ್ತರ 2: ವಾಸ್ಕೊ, ಗೋವಾ

ಅಕ್ಕಾ, ನಾನು ನಮ್ಮ ನೆಲದ ಅನುಭವವನ್ನು ಹೇಳುತ್ತೇನೆ. ಬ್ರಿಟಿಷರು 1871ರ ಕಾಯ್ದೆಯಿಂದ ಅನೇಕ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಒತ್ತಿದರು. ಮುಂದೆ ಆಂಧ್ರದ ಸ್ಟುವರ್ಟ್‌ಪುರಂನಂಥ ವಸಾಹತುಗಳನ್ನು ನಡೆಸಿದ್ದು ಕ್ರೈಸ್ತ ಸಂಸ್ಥೆಯಾದ ಸಾಲ್ವೇಶನ್ ಆರ್ಮಿ. ಕೆಲಸ ಕಲಿಸಿದರು, ನಿಜ. ಆದರೆ ಹಾಜರಿ ಹಾಕದೆ ಅಲ್ಲಿನ ಜನ ಹೊರಗೆ ಕಾಲಿಡುವಂತಿರಲಿಲ್ಲ. ಸರ್ಕಾರದ ಲಾಠಿಯ ಜೊತೆ ಬಂದ ಕರುಣೆಯನ್ನು ಜನ ಬೇಗ ಮರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾವೂ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಲಂಬಾಣಿ ಕುಟುಂಬಗಳ ಶೆಡ್ಡುಗಳಿಗೆ ಕೇಕ್ ಹಂಚಲು ಹೋಗಿದ್ದೆವು. ಒಬ್ಬ ಪುಟ್ಟ ಹುಡುಗಿ ಕೇಕನ್ನು ಬಾಯಿಗಿಡದೆ, ಎರಡೂ ಕೈಯಲ್ಲಿ ಹಿಡಿದು, ಫೋಟೋ ಮುಗಿಯುವುದನ್ನೇ ಕಾಯುತ್ತಿದ್ದಳು. ಹಾಗೆ ಕಾಯಬೇಕೆಂದು ಅವಳಿಗೆ ಆಗಲೇ ಅಭ್ಯಾಸವಾಗಿತ್ತು. ಅಂದಿನಿಂದ ನಾನು ಕ್ಯಾಮೆರಾ ಒಯ್ಯುವುದಿಲ್ಲ. ಅಲ್ಲಿ ಮಕ್ಕಳ ಫೋಟೋ ಹಾಕಿ ಹಣ ಎತ್ತುತ್ತಾರೆಯೇ ಎಂದು ತಪ್ಪದೆ ವಿಚಾರಿಸಿ.

ಉತ್ತರ 3: ದಾದರ್, ಮುಂಬಯಿ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಯಲ್ಲಿ ನನ್ನ ಅಜ್ಜಿಯ ಮನೆಯವರು ಬೆಳೆದರು. ಕ್ರೈಸ್ತರಾದವರನ್ನು ಜಾತಿಯವರು ಹೊರಹಾಕಿದಾಗ ಮಿಷನ್ ನೇಯ್ಗೆ ಕಲಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆ ದುಡಿಮೆಯ ಕೂಲಿಯಿಂದಲೇ ನಮ್ಮವರು ತಲೆಯೆತ್ತಿದರು. ಕಿಟ್ಟೆಲ್ ಅವರು ಕನ್ನಡವನ್ನು ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ಅಲ್ಲಿ ಸೇವೆ ಮಾಡುವವರು ರೋಮಾನಿ ಮಾತನಾಡುತ್ತಾರೆಯೇ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಲುನಿಕ್ 9ರಲ್ಲಿ ನೆಲೆಸಿ ಸೇವೆ ಮಾಡುತ್ತಿರುವವರು ಸಲೇಶಿಯನ್ ಪಾದ್ರಿಗಳೆಂದು ತಿಳಿಯಿತು. ಮಾಟುಂಗದ ಡಾನ್ ಬಾಸ್ಕೊ ಶಾಲೆಯಿಂದ ಇಲ್ಲಿನವರಿಗೆಲ್ಲ ಪರಿಚಿತವಾದ ಸಭೆ ಅದು. ನಾವು ಪ್ರೊಟೆಸ್ಟೆಂಟರು, ಅವರು ಕ್ಯಾಥೊಲಿಕರು ಎಂಬುದು ಈ ವಿಷಯದಲ್ಲಿ ಅಡ್ಡಿಯಾಗಬಾರದೆಂದು ಸಭಾಪಾಲಕರೂ ಹೇಳಿದ್ದಾರೆ. ನಿಮ್ಮ ಪ್ರಶ್ನೆಗಳನ್ನೆಲ್ಲ ಅಕ್ಕನ ಮಗನಿಗೆ ಕಳುಹಿಸಿದ್ದೇನೆ. ಭಾನುವಾರ ಅಲ್ಲಿಗೆ ಹೋಗಿ, ಮೊದಲು ಆ ಅಜ್ಜಿಯನ್ನೇ ಕೇಳಿ ಬರುತ್ತೇನೆ ಎಂದಿದ್ದಾನೆ.