ಸಹಾಯ ಬೇಕು: ಚಕ್‌ನಿಂದ (ಲೇತ್‌ನಲ್ಲಿ ಜಾಬ್ ಹಿಡಿಯುವ ಭಾಗ) ಬಿಚ್ಚಿದ ಮೇಲೆ ಬೋರ್ (ಒಳಗಿನ ರಂಧ್ರ) ರೌಂಡ್ ಉಳಿಯುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಸಿಎನ್‌ಸಿ ಲೇತ್ ಸೆಟ್ಟರ್ ಆಗಿದ್ದೇನೆ. ಹೊಸ ಜಾಬ್ ಬಂದಿದೆ: ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಬುಷ್, ಅಂದರೆ ಗಿಡ್ಡ ಕೊಳವೆಯಂಥ ಪಾರ್ಟ್. ಹೊರಗಿನ ವ್ಯಾಸ 50, ಒಳಗಿನದು 44, ಉದ್ದ 30 ಎಂಎಂ. ಗೋಡೆ ಬರೀ 3 ಎಂಎಂ, ತುಂಬಾ ತೆಳು ಅಲ್ವಾ?

ಸಾಫ್ಟ್ ಜಾ (ಚಕ್‌ನಲ್ಲಿ ಜಾಬ್ ಕಚ್ಚಿ ಹಿಡಿಯುವ ಮೆತ್ತನೆ ಲೋಹದ ತುಂಡುಗಳು) ಜಾಬ್ ಅಳತೆಗೆ ಬೋರ್ ಮಾಡಿಯೇ ಹಿಡಿದಿದ್ದೇನೆ. ಚಕ್‌ನಲ್ಲಿದ್ದಾಗ ಗೋ ಗೇಜ್ (ಅಳತೆ ಸರಿಯಿದ್ದರೆ ಬೋರ್ ಒಳಗೆ ಹೋಗಬೇಕಾದ ಪ್ಲಗ್) ಸಲೀಸಾಗಿ ಹೋಗುತ್ತದೆ. ಬಿಚ್ಚಿದ ಮೇಲೆ ಬಿಗಿ. ಗೇಜ್ ಉಜ್ಜಿದ ಗುರುತು ಮೂರೇ ಕಡೆ, ಸರಿಯಾಗಿ ಒಂದು ಜಾ ಮತ್ತು ಇನ್ನೊಂದು ಜಾ ನಡುವಿನ ಭಾಗದಲ್ಲಿ! ಎದುರುಬದುರು ಎರಡು ಕಡೆ ಮುಟ್ಟಿ ವ್ಯಾಸ ಅಳೆಯುವ ಡಯಲ್ ಬೋರ್ ಗೇಜ್‌ನಲ್ಲಿ ಇದು ಗೊತ್ತೇ ಆಗಲ್ಲ. ಚಕ್ ಪ್ರೆಶರ್ ಇಳಿಸಿದರೆ ಸ್ವಲ್ಪ ಸರಿಹೋಗುತ್ತದೆ, ಆದರೆ ರಫಿಂಗ್‌ನಲ್ಲಿ (ಮೊದಲ ದಪ್ಪ ಕಟ್) ಜಾಬ್ ಜಾರುತ್ತದೆ.

ಪೂರ್ತಿ ಸುತ್ತಿ ಹಿಡಿಯುವ ಅಗಲದ ಜಾ ಮಾಡಿಸಲಾ? ಇಲ್ಲಾ ಬಾರ್‌ನಲ್ಲೇ ಬೋರ್ ಮುಗಿಸಿ ಪಾರ್ಟಿಂಗ್ (ಕತ್ತರಿಸಿ ಬೇರ್ಪಡಿಸುವುದು) ಮಾಡಲಾ? ಸೋಮವಾರ ಸ್ಯಾಂಪಲ್ ಕೊಡಬೇಕು. ಇಂಥ ಜಾಬ್ ಮಾಡಿದವರು ದಯವಿಟ್ಟು ಹೇಳಿ.